ಆಫ್ ಸ್ಪಿನ್ ಹಾಕಲು ಒಬ್ಬಳೇ ಹೋದದ್ದು

ನೆದರ್ಲೆಂಡಿಗೆ ಕ್ರಿಕೆಟ್ ಆಡಲು ಬರುತ್ತೀಯಾ ಎಂದು ಗೆಳತಿ ಫೋನಿನಲ್ಲಿ ಕೇಳಿದಾಗ ನಾನು ಜಮಖಂಡಿಯ ಬಸ್ ನಿಲ್ದಾಣದಲ್ಲಿ ಬನಹಟ್ಟಿ ಬಸ್ಸಿಗಾಗಿ ನಿಂತಿದ್ದೆ. ಕೊರಳಲ್ಲಿ ಸೀಟಿ, ಕಂಕುಳಲ್ಲಿ ಗಾಳಿ ಹೋದ ವಾಲಿಬಾಲು. ಬರುತ್ತೇನೆ ಅಂದುಬಿಟ್ಟೆ. ಅಷ್ಟರಲ್ಲಿ ಬಸ್ಸು ಬಂತು, ಜನ ನುಗ್ಗಿದರು. ಸೀಟು ಹಿಡಿದು ಕೂತು ಉಸಿರು ಬಿಟ್ಟ ಮೇಲೆಯೇ ನಾನು ಏನನ್ನು ಒಪ್ಪಿಕೊಂಡೆ ಎಂಬುದು ತಲೆಗೆ ಹೋದದ್ದು.

ನಾನು ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಮನೆ ಬನಹಟ್ಟಿಯಲ್ಲಿ. ನಮ್ಮವರು ಪವರ್‌ಲೂಮ್ ಇಟ್ಟಿದ್ದಾರೆ. ಮಗ್ಗದ ಶೆಡ್ಡಿನ ಹಿಂದೆಯೇ ನಮ್ಮ ಮನೆ, ಅಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ. ಫೋನ್ ಮಾಡಿದ ಗೆಳತಿ ನನ್ನ ಜೊತೆ ಧಾರವಾಡದಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವಳು. ನಾನು ಆಫ್ ಸ್ಪಿನ್ನರ್, ಅವಳು ವಿಕೆಟ್ ಕೀಪರ್. ಈಗ ಪುಣೆಯಲ್ಲಿ ವಕೀಲಿ ಮಾಡುತ್ತಾಳೆ. ಕಾಲೇಜಿನಲ್ಲಿ ಆಡಿ, ಮದುವೆಯಾಗಿ, ಬ್ಯಾಟು ಅಟ್ಟಕ್ಕೆ ಹಾಕಿದ ನಲವತ್ತು ದಾಟಿದ ಹೆಂಗಸರನ್ನೆಲ್ಲ ಹುಡುಕಿ ಹುಡುಕಿ ಅವಳೊಂದು ತಂಡ ಕಟ್ಟಿದ್ದಳು. ಅದರಲ್ಲಿ ಹಲ್ಲಿನ ಡಾಕ್ಟರಿದ್ದಳು, ಬ್ಯಾಂಕಿನವರಿದ್ದರು, ಮೊಮ್ಮಗಳನ್ನು ಬೌಂಡರಿ ಪಕ್ಕ ಮಲಗಿಸಿ ಓಪನಿಂಗ್ ಆಡುವ ಒಬ್ಬ ಅಜ್ಜಿಯೂ ಇದ್ದಳು. ನಾನು ಪುಣೆಗೆ ಹೋಗಿ ಒಂದೆರಡು ಪಂದ್ಯ ಆಡಿ ಬಂದಿದ್ದೆ. ಪ್ರತಿ ಸಲವೂ ನಮ್ಮವರೇ ಕಾರಿನಲ್ಲಿ ಕರೆದೊಯ್ದು, ಮರದ ನೆರಳಿನಲ್ಲಿ ಸೀಟು ಹಿಂದಕ್ಕೆ ಮಾಡಿ ನಿದ್ದೆ ಹೊಡೆದು, ಸಂಜೆ ಕರೆತಂದಿದ್ದರು.

ನೆದರ್ಲೆಂಡಿನ ಒಂದು ಹಳ್ಳಿಯಲ್ಲೂ ಇಂಥದೇ ಹೆಂಗಸರ ಕ್ಲಬ್ಬು ಇತ್ತಂತೆ. ಅವರು ಕರೆದಿದ್ದರು. ಮೇ ತಿಂಗಳಾದ್ದರಿಂದ ನನಗೆ ಸಾಲೆಯ ಸೂಟಿ, ರಜೆಯ ತಾಪತ್ರಯವಿಲ್ಲ. ಆದರೆ ತಂಡ ಒಟ್ಟಿಗೆ ಹೊರಡುವುದಿಲ್ಲ ಎಂದು ಗೆಳತಿ ಹೇಳಿದಳು. ಅವಳು ಮೊದಲೇ ಜರ್ಮನಿಯಲ್ಲಿರುವ ತಂಗಿಯ ಮನೆಗೆ ಹೋಗುತ್ತಾಳೆ. ಉಳಿದವರು ಒಬ್ಬೊಬ್ಬರು ಒಂದೊಂದು ಊರಿನಿಂದ, ಗಂಡಂದಿರ ಜೊತೆ, ಮಕ್ಕಳ ಜೊತೆ ಸುತ್ತಾಡಿಕೊಂಡು ಬರುತ್ತಾರೆ. ಎಲ್ಲರೂ ಕೂಡುವುದು ಮೈದಾನದಲ್ಲಿ. "ನೀ ಸೀದಾ ಬಂದುಬಿಡ್ಲೇ," ಅಂದಳು, ಪಕ್ಕದ ಮುಧೋಳಕ್ಕೆ ಬಾ ಎನ್ನುವ ಹಾಗೆ.

ಮನೆಯಲ್ಲಿ ವಿಷಯ ಹೇಳಿದೆ. ನಮ್ಮವರಿಗೆ ಸಂತೋಷವಾಯಿತು, ಮರುಕ್ಷಣವೇ ಚಿಂತೆ ಹತ್ತಿತು. ಮೇ ಅಂದರೆ ಮದುವೆಯ ಕಾಲ, ಸೀರೆಗೆ ಬೇಡಿಕೆ, ಮಗ್ಗ ನಿಲ್ಲಿಸುವಂತಿಲ್ಲ. ಆದರೂ ಹೇಗಾದರೂ ಮಾಡಿ ತಾನೂ ಬರುತ್ತೇನೆ ಅಂದರು. ಅತ್ತೆ ಪಡಸಾಲೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಆ ಕೆಲಸಕ್ಕೆ ಈಗ ಯಂತ್ರ ಬಂದಿದೆ, ಆದರೂ ಕೈ ಸುಮ್ಮನಿರುವುದಿಲ್ಲ ಎಂದು ಅವರು ರಾಟೆ ಬಿಟ್ಟಿಲ್ಲ. ತಲೆ ಎತ್ತದೆ ಮಗನಿಗೆ ಕೇಳಿದರು:

"ಆಡಾಕ ಅಕಿ ಹೊಂಟಾಳ. ನೀ ಹೋಗಿ ಅಲ್ಲೇನ್ ಮಾಡ್ತಿ?"

"ಒಬ್ಬಾಕಿನ ಹೆಂಗ ಕಳಸೂದು ಯವ್ವಾ?"

"ಅದನ್ನ ಕಲಿಸಿ ಕಳಸೂದು."

ಈ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅತ್ತೆಯ ವಿಷಯ ಬೇರೆ. ಮಾವ ತೀರಿಕೊಂಡಾಗ ಅವರಿಗೆ ಇನ್ನೂ ಸಣ್ಣ ವಯಸ್ಸು. ಸೀರೆಯ ಗಂಟು ಹೊತ್ತು ಬೀಳಗಿ, ಲೋಕಾಪುರ, ಮುಧೋಳ, ಸಾಂಗಲಿಯವರೆಗೆ ಒಬ್ಬರೇ ತಿರುಗಿ ವ್ಯಾಪಾರ ಮಾಡಿ ಮನೆ ನಿಲ್ಲಿಸಿದವರು. ಯಾವ ಊರಿನಲ್ಲಿ ಯಾರ ಕಟ್ಟೆಯ ಮೇಲೆ ಕೂರಬಹುದು, ಯಾರ ಮನೆಯಲ್ಲಿ ನೀರು ಕೇಳಬಹುದು ಎಂಬುದು ಅವರಿಗೆ ಇವತ್ತಿಗೂ ನೆನಪಿದೆ.

ನನ್ನ ಸಂಗತಿಯೋ ವಿಚಿತ್ರ. ಬಸ್ಸಿನ ತುಂಬ ಹುಡುಗಿಯರನ್ನು ತುಂಬಿಕೊಂಡು ಜಿಲ್ಲಾಮಟ್ಟದ ಕ್ರೀಡಾಕೂಟಕ್ಕೆ ಹೋಗಿ ಬಂದವಳು ನಾನು. ಅಂಪೈರುಗಳ ಜೊತೆ ಜಗಳ ಆಡಿದವಳು. ಆದರೆ ಅವತ್ತು ಕೂತು ನೆನಪಿಸಿಕೊಂಡರೆ, ದಿನದ ಸಾಲೆಯ ಬಸ್ಸು ಬಿಟ್ಟು ಬೇರೆಲ್ಲೂ ನಾನು ಒಬ್ಬಳೇ ಹೋದದ್ದಿರಲಿಲ್ಲ. ಹೋಟೆಲಿನಲ್ಲಿ ಒಬ್ಬಳೇ ಕೂತು ಉಂಡದ್ದೂ ಇರಲಿಲ್ಲ. ಅಪ್ಪ, ಅಣ್ಣ, ಗಂಡ, ಇಲ್ಲವೇ ಸಾಲೆಯ ಮಕ್ಕಳು. ಪಕ್ಕದಲ್ಲಿ ಯಾರೋ ಇದ್ದೇ ಇರುತ್ತಿದ್ದರು.

ಮುಂದಿನ ರವಿವಾರದಿಂದ ತರಬೇತಿ ಶುರುವಾಯಿತು. ಅತ್ತೆಯ ಕಟ್ಟಳೆ ಸರಳವಾಗಿತ್ತು. ದಾರಿಯನ್ನು ಫೋನಿಗೆ ಕೇಳಬಾರದು, ಮನುಷ್ಯರಿಗೆ ಕೇಳಬೇಕು. ಸಂಜೆಯವರೆಗೆ ಮನೆಗೆ ಫೋನ್ ಮಾಡಬಾರದು. ಮೊದಲು ಬೀಳಗಿ.

ಬೀಳಗಿಗೆ ಹೋದೆ, ನಿಲ್ದಾಣದಲ್ಲಿ ನಿಂತೇ ಚಹಾ ಕುಡಿದೆ, ಮುಂದಿನ ಬಸ್ಸಿಗೇ ತಿರುಗಿ ಬಂದೆ. ಯಾರ ಜೊತೆ ಮಾತಾಡಿದೆ ಎಂದು ಅತ್ತೆ ವಿಚಾರಿಸಿದರು. ಕಂಡಕ್ಟರ್ ಜೊತೆ ಅಂದೆ.

"ಟಿಕೀಟ್ ಕೇಳೂದೂ ಒಂದ್ ಮಾತೇನವಾ? ಮತ್ತ ಹೋಗು."

ಎರಡನೆಯ ಸಲ ಹೋದಾಗ ಒಂದು ಖಾನಾವಳಿಗೆ ನುಗ್ಗಿದೆ. ಒಳಗೆಲ್ಲ ಗಂಡಸರು. ಮಾಲೀಕರು ನನ್ನನ್ನು ನೋಡಿದವರೇ ಒಳಗೆ ಫ್ಯಾಮಿಲಿ ರೂಮು ಇದೆ ಅಂದರು. ಆ ಕತ್ತಲೆ ಕೋಣೆಯ ಪರದೆ ನೋಡಿ, ನಾನು ಇಲ್ಲೇ ಬಾಗಿಲ ಹತ್ತಿರ ಕೂರುತ್ತೇನೆ ಅಂದೆ. ಕೂತೆ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಬಂತು. ಮೊದಲ ತುತ್ತಿಗೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಎರಡನೆಯ ರೊಟ್ಟಿಯ ಹೊತ್ತಿಗೆ ಯಾರಿಗೂ ನನ್ನ ಕಡೆ ಗಮನವಿಲ್ಲ ಎಂದು ಗೊತ್ತಾಯಿತು. ಆಗ ನನ್ನಂತೆಯೇ ಒಬ್ಬಳೇ ಬಂದ ಹೆಂಗಸೊಬ್ಬಳು ಎದುರಿಗೆ ಬಂದು ಕೂತಳು. ಹತ್ತಿರದ ಬಾಡಗಂಡಿ ಎಂಬ ಊರಿನವಳು, ಕಬ್ಬು ಬೆಳೆಯುವವಳು. ಕಾರ್ಖಾನೆಯಿಂದ ಕಡಿಯುವ ಪಾಳಿ ಬರುವವರೆಗೆ ಕಬ್ಬು ಒಣಗುವುದನ್ನು ನೋಡುತ್ತ ಕೂರುವುದು ಎಂಥ ಸಂಕಟ ಎಂದು ಊಟದುದ್ದಕ್ಕೂ ಹೇಳಿದಳು. ಮುಗಿದ ಮೇಲೆ ತನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊಲಕ್ಕೇ ಕರೆದೊಯ್ದಳು. ಕಬ್ಬು ತಿಂದು, ಮಜ್ಜಿಗೆ ಕುಡಿದು ನಾನು ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತು. ನಮ್ಮವರು ಬಾಗಿಲಲ್ಲಿ ನಿಂತಿದ್ದರು. ಅತ್ತೆ ಮಾತ್ರ ನನ್ನ ಸೆರಗಿಗೆ ಅಂಟಿದ ಕಬ್ಬಿನ ಒಣಗರಿಯ ರವುದಿ ನೋಡಿ, ಈಗ ಸರಿ ಹೋಯಿತು ಅನ್ನುವಂತೆ ತಲೆಯಾಡಿಸಿದರು.

ಆಮೇಲೆ ಲೋಕಾಪುರ. ಅಲ್ಲಿ ಬೇಕಂತಲೇ ಬಸ್ಸು ತಪ್ಪಿಸಿಕೊಳ್ಳಬೇಕು ಎಂಬುದು ಅವರ ಅಪ್ಪಣೆ. ಬಸ್ಸು ಕಣ್ಣೆದುರೇ ಹೊರಟುಹೋಗುವುದನ್ನು ನೋಡುತ್ತ ಸುಮ್ಮನೆ ನಿಲ್ಲುವುದು ನಾನು ಎಣಿಸಿದ್ದಕ್ಕಿಂತ ಕಷ್ಟವಾಗಿತ್ತು, ಕಾಲು ತಾವಾಗಿಯೇ ಓಡುತ್ತಿದ್ದವು. ಕೊನೆಗೆ ಮುಧೋಳಕ್ಕೆ ಹೊರಟಿದ್ದ ಟಂಟಂ ಗಾಡಿಯಲ್ಲಿ ಜಾಗ ಸಿಕ್ಕಿತು. ಪಕ್ಕದಲ್ಲಿ ಕೂತವರ ತೊಡೆಯ ಮೇಲೆ ಮುಧೋಳ ನಾಯಿಯ ಮರಿ, ಮೈಗಿಂತ ಕಾಲೇ ಉದ್ದ. ಅವರಿಗೆ ಚಿಲ್ಲರೆ ತೆಗೆಯಬೇಕಾದಾಗಲೆಲ್ಲ ಮರಿಯನ್ನು ನನ್ನ ತೊಡೆಗೆ ದಾಟಿಸುತ್ತಿದ್ದರು. ಇಳಿಯುವಷ್ಟರಲ್ಲಿ ಅದು ನನ್ನ ಮೇಲೆಯೇ ನಿದ್ದೆ ಹೋಗಿತ್ತು.

ಕೊನೆಯ ಪರೀಕ್ಷೆ ಹೈದರಾಬಾದು. ನಮ್ಮ ಮಾತು ನಡೆಯದ ಊರಿನಲ್ಲಿ ಒಂದು ರಾತ್ರಿ ಉಳಿದು ಬಾ ಅಂದರು ಅತ್ತೆ. ಮೊದಲ ಲಾಡ್ಜಿನಲ್ಲಿ ಒಂಟಿ ಹೆಂಗಸರಿಗೆ ಕೋಣೆ ಕೊಡುವುದಿಲ್ಲ ಅಂದರು. ಬ್ಯಾಗು ಹಿಡಿದು ರಸ್ತೆಗಿಳಿದಾಗ ಕಣ್ಣಲ್ಲಿ ನೀರೇ ಬಂತು. ನಮ್ಮವರಿಗೆ ಫೋನ್ ಮಾಡಲು ಕೈ ಹೋಯಿತು. ಮಾಡಿದ್ದರೆ ಅವರು ಅಲ್ಲಿಂದಲೇ ಏನಾದರೂ ವ್ಯವಸ್ಥೆ ಮಾಡುತ್ತಿದ್ದರು. ಫೋನು ಒಳಗಿಟ್ಟೆ. ಎದುರಿನ ಬಳೆ ಅಂಗಡಿಯ ಹೆಂಗಸಿಗೆ ನನ್ನ ಅರೆಬರೆ ಹಿಂದಿಯಲ್ಲಿ ಕೇಳಿದೆ. ಅವಳು ಅಂಗಡಿಯನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ, ನನ್ನನ್ನು ಹಿಂದಿನ ಬೀದಿಯ ಇನ್ನೊಂದು ಲಾಡ್ಜಿಗೆ ಕರೆದೊಯ್ದು ಕೋಣೆ ಕೊಡಿಸಿದಳು. ಆ ಸಂಜೆ ಒಬ್ಬಳೇ ಇರಾನಿ ಚಹಾ ಕುಡಿಯುತ್ತ ರಸ್ತೆ ನೋಡುತ್ತಿದ್ದಾಗ, ನಾನು ನೆದರ್ಲೆಂಡಿಗೆ ಹೋಗಬಲ್ಲೆ ಎಂದು ಮೊದಲ ಬಾರಿಗೆ ನಂಬಿಕೆ ಹುಟ್ಟಿತು.

ಇಷ್ಟರ ನಡುವೆ ಆಟವನ್ನೂ ಮರೆಯುವಂತಿರಲಿಲ್ಲ. ಸಾಲೆಯಲ್ಲಿ ಬಿದ್ದಿದ್ದ ಹಳೆಯ ತೆಂಗಿನ ನಾರಿನ ಮ್ಯಾಟು ತಂದು ಶೆಡ್ಡಿನ ಹಿಂದಿನ ಬಯಲಿನಲ್ಲಿ ಹಾಸಿದೆ. ದಿನಾ ಬೆಳಿಗ್ಗೆ ಒಂದೇ ಸ್ಟಂಪು ನಿಲ್ಲಿಸಿ ಬೌಲಿಂಗ್ ಮಾಡುತ್ತಿದ್ದೆ. ಅತ್ತೆ ಅದರ ಹಿಂದೆ, ಚೆಂಡು ತಾಗದಷ್ಟು ದೂರದಲ್ಲಿ ಹೊರಸು ಹಾಕಿಕೊಂಡು ಕೂರುತ್ತಿದ್ದರು. ಕ್ರಿಕೆಟ್ಟಿನ ನಿಯಮ ಅವರಿಗೆ ಬೇಕಿರಲಿಲ್ಲ. ಚೆಂಡು ನೆಲಕ್ಕೆ ಬಿದ್ದು ದಿಕ್ಕು ಬದಲಿಸಿದರೆ "ಇದು ಹೊಳ್ಳಿತು" ಅನ್ನುವರು, ನೇರ ಹೋದರೆ "ಇದು ಹೊಳ್ಳಲಿಲ್ಲ" ಅನ್ನುವರು. ಇಪ್ಪತ್ತು ವರ್ಷ ಮಕ್ಕಳಿಗೆ ಕಲಿಸಿದ ನನಗೆ ಇಷ್ಟು ನೇರವಾಗಿ ಹೇಳುವ ಕೋಚು ಸಿಕ್ಕಿರಲಿಲ್ಲ. ನೀರು ತುಂಬಲು ಬಂದ ಓಣಿಯ ಹೆಂಗಸರು ಕೊಡ ಕೆಳಗಿಟ್ಟು ನಿಂತು ನೋಡುತ್ತಿದ್ದರು. ಅವರಲ್ಲೂ ಪಂಥ ಶುರುವಾಯಿತು, ಮುಂದಿನದು ಹೊಳ್ಳುತ್ತದೋ ಇಲ್ಲವೋ ಎಂದು.

ಹೊರಡುವ ದಿನ ನಮ್ಮವರು ಜಮಖಂಡಿಯವರೆಗೆ ಬಂದು ಮುಂಬೈ ಬಸ್ಸು ಹತ್ತಿಸಿದರು. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ಯಾಕೆ ಹೋಗುತ್ತಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದರು. ಕ್ರಿಕೆಟ್ ಆಡಲು ಅಂದೆ. ಮಕ್ಕಳ ತಂಡದ ಕೋಚಾ ಅಂದರು. ಇಲ್ಲ, ನಾನೇ ಆಡುತ್ತೇನೆ, ಆಫ್ ಸ್ಪಿನ್ ಅಂದೆ. ಅವರು ಮೊದಲ ಬಾರಿಗೆ ತಲೆ ಎತ್ತಿ ನನ್ನ ಮುಖ ನೋಡಿದರು.

"ದೂಸ್ರಾ ಬರುತ್ತಾ?"

"ಇಲ್ಲ ಸರ್, ಚೆಂಡು ಉಲ್ಟಾ ತಿರುಗಿಸಲು ಬರುವುದಿಲ್ಲ."

ಮುದ್ರೆ ಒತ್ತಿ ಪಾಸ್‌ಪೋರ್ಟು ವಾಪಸು ಕೊಟ್ಟರು. "ಅಲ್ಲಿಯವರಿಗೆ ಹೇಳಬೇಡಿ, ಬರುತ್ತದೆ ಅಂದುಕೊಳ್ಳಲಿ."

ಆಮ್ಸ್ಟರ್‌ಡ್ಯಾಮಿನಲ್ಲಿ ಇಳಿದು, ರೈಲು ಹಿಡಿದು, ಇಬ್ಬರನ್ನು ಕೇಳಿ, ಇನ್ನೊಂದು ರೈಲು ಬದಲಿಸಿ ಆ ಹಳ್ಳಿಯ ಸ್ಟೇಷನ್ನು ಮುಟ್ಟಿದೆ. ಬನಹಟ್ಟಿಯಲ್ಲಿ ಕಾದ ಬಂಡೆಯಂಥ ಬಿಸಿಲು ಬಿಟ್ಟು ಬಂದವಳ ಕಿವಿಗೆ ಅಲ್ಲಿಯ ಗಾಳಿ ಚಾಕುವಿನಂತೆ ತಾಗಿತು. ಎಲ್ಲಿ ನೋಡಿದರೂ ಸಮತಟ್ಟು ನೆಲ, ಹೊಲಗಳ ನಡುವೆ ಗೆರೆ ಕೊರೆದಂತೆ ನೀರಿನ ಕಾಲುವೆ. ನನ್ನನ್ನು ಕರೆದೊಯ್ಯಲು ಬಂದವಳು ಆ ಕ್ಲಬ್ಬಿನ ನಾಯಕಿ, ನನಗಿಂತ ಒಂದು ಮೊಳ ಎತ್ತರದ ರೈತ ಹೆಂಗಸು. ಅವಳ ಮನೆಯಲ್ಲೇ ನನ್ನ ವಾಸ್ತವ್ಯ. ನನ್ನ ಕಿಟ್ ಬ್ಯಾಗನ್ನು ತನ್ನ ಸೈಕಲ್ಲಿನ ಮುಂದಿನ ಬುಟ್ಟಿಗೆ ತುರುಕಿ, ಜೊತೆಗೆ ತಂದಿದ್ದ ಇನ್ನೊಂದು ಸೈಕಲ್ಲನ್ನು ನನಗೆ ಕೊಟ್ಟಳು. ಸೀಟು ಎಷ್ಟು ಇಳಿಸಿದರೂ ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ನಿಲ್ಲಿಸಬೇಕಾದಾಗಲೆಲ್ಲ ದಾರಿ ಬದಿಯ ಹುಲ್ಲಿಗೆ ಹೋಗಿ ಬೀಳುತ್ತಿದ್ದೆ. ಇಬ್ಬರಿಗೂ ನಕ್ಕು ನಕ್ಕು ಸಾಕಾಯಿತು.

ಅವಳ ಹೊಲದಲ್ಲಿ ಸಾಲು ಸಾಲಾಗಿ ಸಣ್ಣ ಎಲೆಗಳು ಆಗಷ್ಟೇ ಮೇಲೆದ್ದಿದ್ದವು. ಏನಿದು ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಸಕ್ಕರೆ ಅಂದಳು. ನನಗೆ ಅರ್ಥವಾಗಲಿಲ್ಲ. ನೆಲದಡಿ ದಪ್ಪ ಬಿಳಿ ಗಡ್ಡೆ ಬೆಳೆಯುತ್ತದೆ, ಒಂದು ಜಾತಿಯ ಬೀಟು, ಅದರಿಂದಲೇ ಇಲ್ಲಿ ಸಕ್ಕರೆ ತೆಗೆಯುವುದು ಎಂದು ವಿವರಿಸಿದಳು. ನಮ್ಮಲ್ಲಿಯೂ ಸುತ್ತಲೆಲ್ಲ ಸಕ್ಕರೆ ಕಾರ್ಖಾನೆ, ಆದರೆ ಕಬ್ಬಿನದು ಎಂದೆ. ಗಡ್ಡೆ ಕಿತ್ತು ರಾಶಿ ಹಾಕಿಕೊಂಡು ಕಾರ್ಖಾನೆಯ ಲಾರಿಗಾಗಿ ಕಾಯುವುದೇ ದೊಡ್ಡ ತಲೆನೋವು ಅಂದಳು. ಬಾಡಗಂಡಿಯವಳು ಎದುರು ಕೂತು ಮಾತಾಡಿದ ಹಾಗೆಯೇ ಇತ್ತು. ಆ ಹೆಂಗಸಿನ ಸುದ್ದಿ ಹೇಳಿದೆ. ಇವಳು ಸೈಕಲ್ಲು ನಿಲ್ಲಿಸಿ ಪೂರ್ತಿ ಕೇಳಿದಳು. ಸಂಜೆ ವಿಡಿಯೋ ಕಾಲಿನಲ್ಲಿ ಅತ್ತೆಗೆ ಹೊಲ ತೋರಿಸಿದೆ. ಗಡ್ಡೆಯಿಂದ ಸಕ್ಕರೆ ಎಂಬುದನ್ನು ಅವರು ಸುತರಾಂ ಒಪ್ಪಲಿಲ್ಲ. ನಿನ್ನ ಭಾಷೆ ಅಕಿಗೆ ತಿಳಿದಿಲ್ಲ, ಸರಿಯಾಗಿ ಕೇಳು ಅಂದರು.

ಮೊದಲ ಪಂದ್ಯದಲ್ಲಿ ನಮ್ಮದು ದಯನೀಯ ಸ್ಥಿತಿ. ಒಂದರ ಮೇಲೊಂದು ಎರಡು ಸ್ವೆಟರ್ ಹಾಕಿ ಬೌಲಿಂಗ್‌ಗೆ ಇಳಿದೆ. ಬೆರಳು ಮರಗಟ್ಟಿ ಚೆಂಡು ಕೈಯಲ್ಲಿ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಹಾಕಿದ್ದೆಲ್ಲ ಫುಲ್‌ಟಾಸ್ ಆಯಿತು. ನಾನಿದ್ದ ಮನೆಯ ಒಡತಿಯೇ, ಎಡಗೈ ಬ್ಯಾಟಿಂಗ್‌ನವಳು, ನನ್ನ ಚೆಂಡುಗಳನ್ನು ಆಚೆ ಹೊಲದ ಹಸುಗಳ ನಡುವೆ ಹೊಡೆದಳು. ಸೋತೆವು. ಬೆಳಿಗ್ಗೆ ತಿಂಡಿ ಕೊಟ್ಟು ಮಧ್ಯಾಹ್ನ ಹೀಗೆ ಹೊಡೆಯುವುದು ಯಾವ ನ್ಯಾಯ ಎಂದು ನಾನು ದೂರಿದಾಗ, ರಾತ್ರಿ ಊಟಕ್ಕೆ ಇನ್ನೊಂದು ತುಂಡು ಚೀಸು ಹೆಚ್ಚಿಗೆ ಬಡಿಸಿದಳು. ಮರುದಿನ ತನ್ನ ಉಣ್ಣೆಯ ಕೈಗವಸನ್ನೂ ಕೊಟ್ಟಳು, ಓವರುಗಳ ನಡುವೆ ಹಾಕಿಕೋ ಎಂದು.

ಆ ಕೈಗವಸೇ ಅವಳಿಗೆ ಮುಳುವಾಯಿತು. ಎರಡನೆಯ ಪಂದ್ಯದಲ್ಲಿ ಬೆರಳು ಬೆಚ್ಚಗಿದ್ದವು. ಅಲ್ಲಿಯ ಪಿಚ್ಚು ಮಣ್ಣಿನದಲ್ಲ, ಹಾಸಿದ ಹಸಿರು ಕಾರ್ಪೆಟ್ಟು. ನಮ್ಮ ಮ್ಯಾಟಿನಂತೆಯೇ ಚೆಂಡನ್ನು ಹಿಡಿದು ತಿರುಗಿಸುತ್ತಿತ್ತು. ಹಿಂದಿನ ದಿನದ ಧೈರ್ಯದಲ್ಲಿ ಅವಳು ಕ್ರೀಸು ಬಿಟ್ಟು ಮುಂದೆ ಬಂದಳು. ಚೆಂಡು ಬಿದ್ದು ಅವಳ ಬ್ಯಾಟಿನಿಂದ ಆಚೆ ಹೊರಳಿತು. ಹಿಂದೆ ನನ್ನ ಗೆಳತಿ ಬೇಲ್ಸ್ ಹಾರಿಸಿದ ಸದ್ದು ಕೇಳಿಸಿತು. ಧಾರವಾಡದಲ್ಲಿ ಹುಡುಗಿಯರಾಗಿದ್ದಾಗ ಎಷ್ಟು ಸಲ ಹೀಗೆ ಔಟು ಮಾಡಿದ್ದೆವೋ. ಆದರೂ ಆ ಕ್ಷಣ ನನಗೆ ಏನಾಯಿತೆಂದರೆ, ಸೀದಾ ಓಡಿಹೋಗಿ ಗೆಳತಿಯನ್ನು ತಬ್ಬಿಕೊಂಡು ಎತ್ತಿಯೇಬಿಟ್ಟೆ. ಅವಳು ಗ್ಲೌಸಿನಿಂದ ನನ್ನ ಬೆನ್ನಿಗೆ ಗುದ್ದುತ್ತ, "ಇಳಸಲೇ, ನಡಾ ಹಿಡಿತೈತಿ," ಅಂದಳು. ಅಂಪೈರು ಬೆರಳೆತ್ತಿದ್ದನ್ನು ನಾವಿಬ್ಬರೂ ನೋಡಲೇ ಇಲ್ಲ.

ಕೊನೆಯ ಪಂದ್ಯದಲ್ಲಿ ಗೆಲ್ಲಲು ಕೆಲವೇ ರನ್ನು ಬೇಕಿದ್ದವು, ಉಳಿದದ್ದು ಕೊನೆಯ ಜೋಡಿ, ನಾನು ಮತ್ತು ಆ ಅಜ್ಜಿ. ಮಂಡಿ ನೋವೆಂದು ಅವಳು ಅವತ್ತು ಕೊನೆಗೆ ಇಳಿದಿದ್ದಳು. ನಾನು ಕಣ್ಣು ಮುಚ್ಚಿ ಬೀಸಿದೆ. ಚೆಂಡು ಎಲ್ಲೋ ಹೋಯಿತು. ಓಡು ಎಂದು ಕೂಗಿದೆ, ಅಜ್ಜಿ ಮಂಡಿಯನ್ನು ಮರೆತು ಓಡಿದಳು. ತಿರುಗಿದೆವು, ಮತ್ತೆ ಓಡಿದೆವು, ಯಾರೂ ಚೆಂಡು ಎಸೆಯುತ್ತಿಲ್ಲವಲ್ಲ ಎಂದು ಮತ್ತೂ ಓಡಿದೆವು. ನೋಡಿದರೆ ಆ ತಂಡದವರೆಲ್ಲ ಬೌಂಡರಿಯಾಚೆ ಕಾಲುವೆಯ ದಂಡೆಯಲ್ಲಿ ನಿಂತಿದ್ದಾರೆ, ಅವರ ನಾಯಕಿ ಹೊಟ್ಟೆಯ ಮೇಲೆ ಮಲಗಿ ಉದ್ದ ಕೋಲಿನ ಬಲೆಯಿಂದ ನೀರಿನಲ್ಲಿ ತೇಲುವ ಚೆಂಡನ್ನು ಎಳೆಯುತ್ತಿದ್ದಾಳೆ. ಅದು ಆಗಲೇ ಬೌಂಡರಿ ದಾಟಿ ನಾಲ್ಕು ರನ್ನಾಗಿತ್ತು, ಪಂದ್ಯ ಮುಗಿದಿತ್ತು. ನಮ್ಮ ತಂಡದವರು ಪೆವಿಲಿಯನ್ನಿನಿಂದ ಸಾಕು ಸಾಕು ಎಂದು ಕೂಗಿದರೂ ಗಾಳಿಗೆ ನಮಗೆ ಕೇಳಿಸಿರಲಿಲ್ಲ. ಅಜ್ಜಿ ಪಿಚ್ಚಿನ ನಡುವೆಯೇ ಕೂತು ನಗತೊಡಗಿದಳು. ಎಬ್ಬಿಸಲು ಹೋಗಿ ನಾನೂ ಕೂತೆ.

ಮರುದಿನ ಎಲ್ಲರೂ ಅವರವರ ದಾರಿ ಹಿಡಿದರು. ನನ್ನ ವಿಮಾನಕ್ಕೆ ಇನ್ನೂ ಎರಡು ದಿನವಿತ್ತು. ಗೆಳತಿ ತಾನೂ ಉಳಿಯಲೇ ಎಂದು ಕೇಳಿದಳು. ಬ್ಯಾಡ, ನೀ ಹೋಗು ಅಂದೆ. ಹೇಳಿದ ಮೇಲೆ, ಅದು ಸೌಜನ್ಯಕ್ಕೆ ಆಡಿದ ಮಾತಲ್ಲ, ನಿಜವಾಗಿ ನನಗೆ ಒಬ್ಬಳೇ ತಿರುಗುವ ಆಸೆಯಿದೆ ಎಂಬುದು ನನಗೇ ಸೋಜಿಗವಾಯಿತು.

ಸಮುದ್ರ ತೀರದ ಊರಿಗೆಂದು ರೈಲು ಹತ್ತಿದೆ. ಅಲ್ಲಿ ಕೆಲವು ರೈಲುಗಳು ನಡುದಾರಿಯಲ್ಲಿ ಎರಡಾಗಿ, ಅರ್ಧ ಒಂದು ಕಡೆಗೆ, ಅರ್ಧ ಇನ್ನೊಂದು ಕಡೆಗೆ ಹೋಗುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ. ಕಿಟಕಿಯಾಚೆ ನೋಡುತ್ತ ಕೂತವಳು ಕೊನೆಯ ಸ್ಟೇಷನ್ನಿನಲ್ಲಿ ಇಳಿದರೆ ಸಮುದ್ರವಿಲ್ಲ. ಇಟ್ಟಿಗೆಯ ಹಳೆಯ ಊರು, ನಡುವೆ ಚೌಕ, ಚೌಕದ ತುಂಬ ವಾರದ ಸಂತೆ. ನಾನು ಕೂತಿದ್ದು ಬೇರೆ ಕಡೆಗೆ ಹೋಗುವ ಅರ್ಧದಲ್ಲಿ. ಆದರೆ ಕಾಲು ಸಂತೆಯ ಕಡೆಗೇ ನಡೆದವು.

ಹೂವು, ಚೀಸು, ಸೈಕಲ್ಲಿನ ಗಂಟೆಗಳನ್ನು ದಾಟಿ ಹೋದರೆ ಒಂದು ಸಾಲಿಡೀ ಬಟ್ಟೆ. ಒಂದು ಥಾನನ್ನು ಬೆರಳಿನಲ್ಲಿ ಉಜ್ಜಿ ನೋಡಿದೆ, ಕೈ ತಡೆಯಲಿಲ್ಲ. ಅಂಗಡಿಯ ಮುದುಕ ಹತ್ತಿ ಅಂದ. ಅರ್ಧ ಹತ್ತಿ, ಅರ್ಧ ಪಾಲಿಸ್ಟರ್ ಅಂದೆ. ಅವನು ಕನ್ನಡಕ ಏರಿಸಿ ಥಾನಿನ ತುದಿಯ ಚೀಟಿ ಓದಿಕೊಂಡ, ಜೋರಾಗಿ ನಕ್ಕ. ಪಕ್ಕದ ಅಂಗಡಿಯವಳನ್ನೂ ಕರೆದ. ನಾವು ನೇಕಾರರು ಎಂದು ಹೇಳಿ ಫೋನಿನಲ್ಲಿ ನಮ್ಮ ಸೀರೆಗಳ ಫೋಟೋ ತೋರಿಸಿದೆ. ಸೆರಗನ್ನು ಹೇಗೆ ಹಾಕಿಕೊಳ್ಳುತ್ತಾರೆ ಎಂದು ಆಕೆ ಕೇಳಿದಳು. ಅವರದೇ ಥಾನು ಬಿಚ್ಚಿ ಆಕೆಯ ಕೋಟಿನ ಮೇಲೆಯೇ ಉಡಿಸಿ ತೋರಿಸಿದೆ. ಕೊಳ್ಳಲು ಬಂದವರು ಕೊಳ್ಳುವುದು ಬಿಟ್ಟು ಸುತ್ತ ನಿಂತರು. ಆಕೆ ಆ ಉಡುಗೆಯಲ್ಲೇ ಮಧ್ಯಾಹ್ನದವರೆಗೂ ವ್ಯಾಪಾರ ಮಾಡಿದಳು.

ಆಗ ನಮ್ಮವರ ಫೋನು ಬಂತು. ಹಿಂದೆ ಮಗ್ಗಗಳ ಸದ್ದು.

"ಎಲ್ಲಿದ್ದಿ? ಸಮುದ್ರ ನೋಡಿದೇನ?"

"ಇಲ್ರೀ. ಬ್ಯಾರೆ ಊರಿಗಿ ಬಂದೇನಿ. ಇದರ ಹೆಸರ ಹೇಳಾಕ ನನಗ ನಾಲಿಗಿ ಹೊಳ್ಳವಲ್ದು."

ಊರು ಹೇಗಿದೆ ಎಂದು ಅವರು ಕೇಳಿದರು.

ಭಾಳ ಛಲೋ ಇದೆ ಎಂದೆ. ರೈಲುಗಳು ಸಂಜೆಯವರೆಗೂ ಇವೆ ಎಂದು ಹೇಳಿ ಫೋನಿಟ್ಟೆ. ಮುದುಕ ಕಾಗದದ ಲೋಟದಲ್ಲಿ ಕಾಫಿ ತಂದು ಕೈಗಿಟ್ಟ. ಅವನ ಹಲಗೆಯ ಮೇಲೆ ಒಂದು ಕಡೆ ಜಾಗ ಮಾಡಿಕೊಂಡು ಕೂತು ಅದನ್ನು ನಿಧಾನವಾಗಿ ಕುಡಿದೆ. ಚೌಕದ ಆಚೆ ತುದಿಯಲ್ಲಿ ಯಾರೋ ಬ್ಯಾಂಡು ಬಾರಿಸಲು ಶುರುಮಾಡಿದ್ದರು, ಲೋಟ ಖಾಲಿಯಾದ ಮೇಲೆ ಅತ್ತ ಹೊರಟೆ.